ತೋಟದ ಮನೆಗೆ ಎಂಥ ಬ್ಯಾಟರಿ ಡ್ರಿಲ್?

2019ರ ಜುಲೈ. ಹಟ್ಟಿಯ ಮಾಡಿನ ಎರಡು ಶೀಟುಗಳು ಗಾಳಿಗೆ ಸಡಿಲವಾಗಿ ರಾತ್ರಿಯಿಡೀ ಬಡಿದುಕೊಳ್ಳುತ್ತಿದ್ದವು. ಬೆಳಿಗ್ಗೆ ಮಳೆ ಸ್ವಲ್ಪ ಹೊಳವಾದಾಗ ಕರೆಂಟಿನ ಡ್ರಿಲ್ ಹಿಡಿದು ಹೊರಟೆ. ಮನೆಯಿಂದ ಹಟ್ಟಿಗೆ ನೂರಿಪ್ಪತ್ತು ಅಡಿ. ಇದ್ದ ಮೂರು ತುಂಡು ವಯರು ಜೋಡಿಸಿ, ಗಂಟುಗಳಿಗೆ ಟೇಪು ಸುತ್ತಿ ಎಳೆದೆ. ಎರಡನೇ ಸ್ಕ್ರೂ ಹಾಕುವಷ್ಟರಲ್ಲಿ ಕೆಳಗೆ ಕರು ಹಾರಿ ಬಿದ್ದ ಸದ್ದು. ಒಂದು ಗಂಟು ಒದ್ದೆ ನೆಲದಲ್ಲಿತ್ತು! ಮನೆಯಾಕೆ ಓಡಿಹೋಗಿ ಮೈನ್ ಆಫ್ ಮಾಡಿದಳು. ಕರು ಬದುಕಿತು. ಕಬ್ಬಿಣದ ಪೈಪಿನ ಮೇಲೆ ಕುಳಿತಿದ್ದ ನಾನೂ ಬದುಕಿದೆ. 30 ಮಿಲಿ ಆಂಪಿಯರ್ ಸೋರಿದರೆ ಟ್ರಿಪ್ ಆಗುವ ಆರ್‌ಸಿಸಿಬಿ ಆಗ ನಮ್ಮ ಮನೆಯಲ್ಲಿ ಇರಲಿಲ್ಲ. ಈಗ ಇದೆ.

ಆ ವಾರವೇ ಬ್ಯಾಟರಿ ಡ್ರಿಲ್ ತಂದೆ. ಹೆದರಿದವನು ಅವಸರದಲ್ಲಿ ಕೊಂಡರೆ ಹೇಗಾಗಬೇಕೋ ಹಾಗೇ ಆಯಿತು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ 48 ವೋಲ್ಟ್ ಎಂದಿತ್ತು. ಎರಡು ಬ್ಯಾಟರಿ, ಚಾರ್ಜರ್, ಜೊತೆಗೆ ಒಂದು ರಾಶಿ ಬಿಟ್‌ಗಳು. ಎಲ್ಲ ಸೇರಿ 2,400 ರೂಪಾಯಿ. ಬಿಲ್ಲು ಕೊಡಲಿಲ್ಲ, ನಾನೂ ಕೇಳಲಿಲ್ಲ. ಪ್ಲೈವುಡ್ಡಿಗೆ ಚೆನ್ನಾಗಿಯೇ ಇಳಿಯಿತು. ಹಲಸಿನ ಪಕ್ಕಾಸಿಗೆ ಇಟ್ಟಾಗ ಸುಟ್ಟ ವಾಸನೆ. ಮೂರನೇ ತಿಂಗಳಿಗೆ ಒಂದು ಬ್ಯಾಟರಿ ಸತ್ತಿತು, ಶಿವರಾತ್ರಿಯ ಹೊತ್ತಿಗೆ ಇನ್ನೊಂದು. ಅದೇ ನಮೂನೆಯ ಬ್ಯಾಟರಿ ಎಲ್ಲಿಯೂ ಸಿಗಲಿಲ್ಲ. ಡ್ರಿಲ್ ಗಟ್ಟಿಯಾಗಿಯೇ ಇತ್ತು ಮಾರಾಯ್ರೆ, ತಿರುಗಿಸುವ ಜೀವ ಮಾತ್ರ ಇಲ್ಲ.

ಈ ಪೆಟ್ಟಿನಿಂದ ಕಲಿತದ್ದನ್ನು, ನಂತರ ಇನ್ನೊಂದು ಕೊಂಡು ವರ್ಷಗಟ್ಟಲೆ ಬಳಸಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ. ಮೂರೆಕರೆ ಅಡಿಕೆ ತೋಟ, ನಾಲ್ಕು ದನ, ಹಳೆ ಮನೆ. ಅದಕ್ಕೆ ತಕ್ಕ ಅನುಭವ ಅಷ್ಟೆ.

48 ಎಂದರೆ ಎಷ್ಟು?

ಸತ್ತ ಬ್ಯಾಟರಿಯನ್ನು ಬಿಚ್ಚಿದೆ. ಒಳಗಿದ್ದದ್ದು ಐದು ಸೆಲ್‌ಗಳು, ಟಾರ್ಚಿನ ಸೆಲ್ಲಿಗಿಂತ ತುಸು ಉದ್ದ. ಲಿಥಿಯಂ ಅಯಾನ್ ಸೆಲ್ ಒಂದರ ಸಾಧಾರಣ ವೋಲ್ಟೇಜು 3.6. ತುಂಬಾ ಚಾರ್ಜ್ ಆದಾಗ 4.2. ಐದು ಸೆಲ್ ಸಾಲಾಗಿ ಜೋಡಿಸಿದರೆ 18 ವೋಲ್ಟ್, ತುಂಬಿದಾಗ 21. ನಲವತ್ತೆಂಟು ಎಲ್ಲಿಂದ ಬರಬೇಕು? ಅದು ಪೆಟ್ಟಿಗೆಯ ಮೇಲಿನ ಬಣ್ಣದ ಅಕ್ಷರ ಮಾತ್ರ. ಹೆಸರಿಲ್ಲದ ಮಾಲಿನಲ್ಲಿ 88 ಎಂದು ಬರೆದದ್ದನ್ನೂ ನೋಡಿದ್ದೇನೆ. ಬಿಚ್ಚಿದರೆ ಅದೇ ಐದು.

ಒಳ್ಳೆಯ ಕಂಪೆನಿಗಳವರಲ್ಲೂ ಈ ಲೆಕ್ಕ ತುಸು ಗೊಂದಲದ್ದೇ. ಒಬ್ಬರು 18 ವೋಲ್ಟ್ ಎನ್ನುತ್ತಾರೆ, ಇನ್ನೊಬ್ಬರು 20 ವೋಲ್ಟ್ ಮ್ಯಾಕ್ಸ್ ಎನ್ನುತ್ತಾರೆ. ಎರಡೂ ಐದೇ ಸೆಲ್. ಡೀವಾಲ್ಟ್‌ನವರು ಒಂದೇ ಬಗೆಯ ಬ್ಯಾಟರಿಗೆ ಅಮೆರಿಕದಲ್ಲಿ 20 ಎಂದೂ ಯುರೋಪಿನಲ್ಲಿ 18 ಎಂದೂ ಬರೆಯುತ್ತಾರೆ. 12 ವೋಲ್ಟ್ ಎಂಬುದು ಮೂರು ಸೆಲ್ಲಿನದು, ಸರಿಯಾದ ಲೆಕ್ಕದಲ್ಲಿ 10.8. ಹಾಗಾಗಿ ಅಂಗಡಿಯಲ್ಲಿ ನಿಜವಾಗಿ ಇರುವುದು ಎರಡೇ ಜಾತಿ: ಮೂರು ಸೆಲ್ಲಿನದು, ಐದು ಸೆಲ್ಲಿನದು. ಉಳಿದದ್ದು ಮಾತು.

ಇನ್ನೊಂದು ಸಂಖ್ಯೆ ಆಂಪಿಯರ್ ಅವರ್, ಅಂದರೆ ಟ್ಯಾಂಕಿಯಲ್ಲಿ ಎಷ್ಟು ನೀರು ಎಂಬ ಹಾಗೆ. ವೋಲ್ಟಿನಿಂದ ಗುಣಿಸಿದರೆ ಸಿಗುವುದು ವಾಟ್ ಅವರ್. 18 ವೋಲ್ಟ್, 2 ಆಂಪಿಯರ್ ಅವರ್ ಎಂದರೆ 36. ಇದರಲ್ಲೂ ಸುಳ್ಳು ಬರೆಯುವವರಿದ್ದಾರೆ. ಮಾಮೂಲು 18650 ಎಂಬ ಅಳತೆಯ ಸೆಲ್ಲಿನಲ್ಲಿ ಎಷ್ಟು ಒಳ್ಳೆಯದಾದರೂ ಮೂರೂವರೆ ಆಂಪಿಯರ್ ಅವರಿನ ಆಸುಪಾಸಿಗಿಂತ ಹೆಚ್ಚು ಹಿಡಿಸುವುದಿಲ್ಲ. ಆ ಸೆಲ್ ಐದೇ ಇರುವ ಹಗುರ ಬ್ಯಾಟರಿಯ ಮೇಲೆ 7.5 ಎಂದು ಬರೆದಿದ್ದರೆ ನಂಬುವುದು ಬೇಡ. ಅಂಥ ಸೆಲ್ ಒಂದು ಸುಮಾರು 45 ಗ್ರಾಂ ತೂಗುತ್ತದೆ. ಅಡಿಕೆ ತೂಗುವ ನಮಗೆ ತೂಕದ ಮೋಸ ಹಿಡಿಯುವುದು ಕಷ್ಟವೇ?

ಹಾಲಿನ ಪುಸ್ತಕದ ಹಿಂದಿನ ಪುಟ

ಎರಡನೇ ಸಲ ಅವಸರ ಮಾಡಲಿಲ್ಲ. ದೀಪಾವಳಿಯಿಂದ ಯುಗಾದಿಯವರೆಗೆ, ಡ್ರಿಲ್ ಇದ್ದಿದ್ದರೆ ಆಗುತ್ತಿತ್ತು ಎನಿಸಿದ ಕೆಲಸಗಳನ್ನೆಲ್ಲ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆಯುತ್ತ ಬಂದೆ. ನೀವೂ ಹೀಗೆ ಮಾಡಿ ಎಂದು ಹೇಳುತ್ತೇನೆ. ಅಂಗಡಿಯವ ಕೊಡುವ ಸಲಹೆಗಿಂತ ಆ ಪುಟ ದೊಡ್ಡದು.

ನನ್ನ ಪಟ್ಟಿಯಲ್ಲಿ ಬಂದದ್ದು: ಪಿವಿಸಿ ಪೈಪಿಗೆ ಲ್ಯಾಟರಲ್ ಜೋಡಿಸುವ ತೂತು, ಇದೇ ಅತಿ ಹೆಚ್ಚು. ಅಂಗಳದ ಸೋಲಾರ್ ಡ್ರಯರಿನ ಜಿಐ ಪೈಪಿಗೆ ಬೋಲ್ಟಿನ ತೂತು. ಹಟ್ಟಿಯ ಶೀಟಿನ ಸ್ಕ್ರೂ. ಬಾಗಿಲಿನ ಬಿಜಾಗರಿ. ಹಲಸು, ಮರುವದ ಮರಕ್ಕೆ ಅರ್ಧ ಇಂಚಿನ ತೂತು, ವರ್ಷಕ್ಕೆ ಹತ್ತಿಪ್ಪತ್ತು. ಸಿಂಟೆಕ್ಸ್ ಟ್ಯಾಂಕಿಗೆ ವಾಲ್ವ್ ಕೂರಿಸುವ ದೊಡ್ಡ ತೂತು. ಮುರಕಲ್ಲಿನ ಗೋಡೆಗೆ ಮೊಳೆ, ಕೊಕ್ಕೆ. ಕಾಂಕ್ರೀಟಿಗೆ? ಇಡೀ ಐದು ತಿಂಗಳಲ್ಲಿ ಎರಡು ಸಲ.

ಇದನ್ನು ನೋಡಿದ ಮೇಲೆ ಆಯ್ಕೆ ಅರ್ಧ ಮುಗಿದಂತೆ. ಮನೆಯೊಳಗಿನ ಕೆಲಸ ಮಾತ್ರವಾದರೆ, ಅಂದರೆ ಬಿಜಾಗರಿ, ಪರದೆ, ಕಪಾಟು ಎಂದಾದರೆ 12 ವೋಲ್ಟಿನದು ಧಾರಾಳ ಸಾಕು. ಒಂದು ಕಿಲೋ ಆಸುಪಾಸು ತೂಕ, ಮೂಲೆಯೊಳಗೂ ಹೋಗುತ್ತದೆ. ಆದರೆ ಟ್ಯಾಂಕಿಯ ಹೋಲ್‌ಸಾ, ಹಲಸಿನ ಅರ್ಧ ಇಂಚು, ಜಿಐ ಪೈಪು ಇದ್ದಲ್ಲಿ ಅದು ಏದುಸಿರು ಬಿಡುತ್ತದೆ. ತೋಟದ ಮನೆಗೆ 18 ವೋಲ್ಟಿನದೇ ಸರಿ ಎಂಬುದು ನನ್ನ ಅಭಿಪ್ರಾಯ. ಬ್ಯಾಟರಿ ಸೇರಿ ಒಂದೂವರೆ ಕಿಲೋ ದಾಟುತ್ತದೆ, ಏಣಿಯ ಮೇಲೆ ಕೈ ಸೋಲುತ್ತದೆ. ಮನೆಯಾಕೆ ನೆರೆಮನೆಯ 12 ವೋಲ್ಟಿನದನ್ನು ತಂದು ಕೋಳಿಗೂಡಿಗೆ ಬಲೆ ಹೊಡೆದವಳು, "ನಿಮ್ಮದು ಒನಕೆ" ಎಂದಳು. ಅದೂ ನಿಜವೇ.

ವರ್ಷಕ್ಕೆ ನಾಲ್ಕೈದು ತೂತು, ಅದೂ ಪ್ಲಗ್ಗಿನ ಪಕ್ಕದಲ್ಲೇ ಎನ್ನುವವರು ಬ್ಯಾಟರಿಯದ್ದು ಕೊಳ್ಳಲೇಬೇಡಿ. ಕರೆಂಟಿನ ಡ್ರಿಲ್ ಅಗ್ಗ, ಹತ್ತು ವರ್ಷ ಮೂಲೆಯಲ್ಲಿಟ್ಟರೂ ತೆಗೆದಾಗ ತಿರುಗುತ್ತದೆ. ಬ್ಯಾಟರಿ ಹಾಗಲ್ಲ. ಬಳಸದಿದ್ದರೂ ಅದಕ್ಕೆ ವಯಸ್ಸಾಗುತ್ತದೆ.

ಮುರಕಲ್ಲಿಗೆ ಹ್ಯಾಮರ್ ಬೇಡ

ಅಂಗಡಿಯಲ್ಲಿ ಹ್ಯಾಮರ್ ಇದ್ದದ್ದೇ ತೆಗೆದುಕೊಳ್ಳಿ ಎನ್ನುತ್ತಾರೆ. ಹ್ಯಾಮರ್ ಡ್ರಿಲ್ ಎಂದರೆ ಒಳಗೆ ಎರಡು ಹಲ್ಲುಚಕ್ರ ಒಂದರ ಮೇಲೊಂದು ಜಾರಿ ಟಕಟಕ ಬಡಿಯುವುದು. ಇಟ್ಟಿಗೆಗೆ ಅದು ಒಳ್ಳೆಯದು. ನಮ್ಮ ಮುರಕಲ್ಲಿಗೆ ಬಡಿತವೇ ಬೇಡ. ಬಡಿದರೆ ತೂತು ಒಳಗೆ ಹೊಟ್ಟೆ ಬಿಟ್ಟು ಅಗಲವಾಗುತ್ತದೆ, ಆಮೇಲೆ ಹಾಕಿದ ಪ್ಲಗ್ಗು ಸ್ಕ್ರೂವಿನ ಜೊತೆ ತಾನೂ ತಿರುಗುತ್ತದೆ. ಬಡಿತ ಆಫ್ ಮಾಡಿ, ತುದಿಗೆ ಕಾರ್ಬೈಡ್ ಇರುವ ಬಿಟ್ ಹಾಕಿ ನಿಧಾನ ತಿರುಗಿಸಿದರೆ ತೂತು ನೀಟಾಗಿ ಬರುತ್ತದೆ.

ಆರ್‌ಸಿಸಿ ತೊಲೆಗೆ ಮಾತ್ರ ಈ ಟಕಟಕ ಸಾಲದು. ಐದು ನಿಮಿಷ ಒತ್ತಿದರೂ ಅರ್ಧ ಇಂಚು ಇಳಿಯುವುದಿಲ್ಲ, ಬ್ಯಾಟರಿ ಕಾಯುತ್ತದೆ. ಅದಕ್ಕೆ ರೋಟರಿ ಹ್ಯಾಮರ್ ಎಂಬುದೇ ಬೇರೆ ಯಂತ್ರ. ಒಳಗೆ ಪಿಸ್ಟನ್ ಇದ್ದು ಗಾಳಿಯ ಒತ್ತಡದಿಂದ ಹೊಡೆಯುತ್ತದೆ, ಬಿಟ್ಟೂ ಬೇರೆ, ಎಸ್‌ಡಿಎಸ್ ಎನ್ನುತ್ತಾರೆ. ವರ್ಷಕ್ಕೆ ಎರಡು ತೂತಿಗೆ ಅದನ್ನು ಯಾಕೆ ಕೊಳ್ಳಬೇಕು? ನಮ್ಮ ಬೈಲಿನಲ್ಲಿ ಐದು ಮನೆಯವರು ಸೇರಿ ಕರೆಂಟಿನ ಒಂದು ರೋಟರಿ ಹ್ಯಾಮರ್ ಇಟ್ಟುಕೊಂಡಿದ್ದೇವೆ. ಜಗಳ ಇನ್ನೂ ಬಂದಿಲ್ಲ.

ಇಂಪ್ಯಾಕ್ಟ್ ಡ್ರೈವರ್ ಎಂಬ ಗಿಡ್ಡ ಯಂತ್ರವೂ ಇದೆ. ಉದ್ದ ಸ್ಕ್ರೂ, ಬೋಲ್ಟುಗಳಿಗೆ ಅದು ಭಲೇ ಜೋರು. ಕೈಗೆ ತಿರುಚು ಬರುವುದಿಲ್ಲ. ಆದರೆ ಷಡ್ಭುಜದ ಬುಡವಿರುವ ಬಿಟ್ ಮಾತ್ರ ಹಿಡಿಯುತ್ತದೆ, ಸದ್ದು ಕಿವಿ ಕೊರೆಯುತ್ತದೆ. ಮೊದಲ ಯಂತ್ರವಾಗಿ ಅದು ಬೇಡ.

ಬ್ಯಾಟರಿಯ ಬೆಲೆ ಮೊದಲು ಕೇಳಿ

ನಾನು ಹೇಳಬೇಕೆಂದಿದ್ದ ಮುಖ್ಯ ಮಾತು ಇದು. ನಾವು ಕೊಳ್ಳುವುದು ಡ್ರಿಲ್ ಅಲ್ಲ, ಬ್ಯಾಟರಿ. ಡ್ರಿಲ್ ಅದರ ಬಾಲ. ಮೋಟಾರು, ಗೇರು ನಮ್ಮಂಥವರ ಬಳಕೆಗೆ ಹತ್ತು ವರ್ಷ ಬರಬಹುದು. ಬ್ಯಾಟರಿ ಅಷ್ಟು ಕಾಲ ಬರುವುದಿಲ್ಲ. ಅದು ಹೋದ ದಿನ ಅದೇ ಗೂಡಿಗೆ ಕೂರುವ ಇನ್ನೊಂದು ಸಿಗುತ್ತದೋ ಇಲ್ಲವೋ ಎಂಬುದರ ಮೇಲೆ ಎಲ್ಲ ನಿಂತಿದೆ.

ಹಾಗಾಗಿ ಅಂಗಡಿಗೆ ಹೋದವನು ಡ್ರಿಲ್ಲಿನ ಬೆಲೆ ಕೇಳಲೇ ಇಲ್ಲ. "ಇದರ ಬ್ಯಾಟರಿ ಒಂದೇ ಬೇಕು, ಎಷ್ಟು? ಈಗ ಇದೆಯೋ? ತೋರಿಸಿ" ಎಂದೆ. ಮೊದಲ ಅಂಗಡಿಯವ ತರಿಸಿ ಕೊಡುತ್ತೇನೆ ಎಂದ. ಎರಡನೆಯವನೂ ಅದೇ. ಮೂರನೆಯ ಅಂಗಡಿಯಲ್ಲಿ ಕಪಾಟಿನಿಂದ ತೆಗೆದು ಎದುರಿಗಿಟ್ಟರು, ಮೇಲೆ ಬೆಲೆಯ ಚೀಟಿಯೂ ಇತ್ತು. ಅಲ್ಲೇ ಕೊಂಡೆ. ಒಂದು ಬ್ಯಾಟರಿಯ ಬೆಲೆ ಇಡೀ ಸೆಟ್ಟಿನ ಮೂರನೇ ಒಂದರಷ್ಟು ಎಂದು ತಿಳಿದು ಗಾಬರಿಯಾಯಿತು. ಇದು ಸಾಮಾನ್ಯವೇ. ಎರಡು ಬ್ಯಾಟರಿಯ ಸೆಟ್ಟು ಕೊಂಡರೆ ಲಾಭ ಎನ್ನುವುದು ಇದಕ್ಕೇ. ಒಂದೇ ಇದ್ದರೆ ಅದು ಖಾಲಿಯಾದಾಗ ನಾವು ಮಾಡಿನ ಮೇಲೆ ಇರುತ್ತೇವೆ.

ಒಂದು ಕಂಪೆನಿಯ ಬ್ಯಾಟರಿ ಇನ್ನೊಂದರ ಡ್ರಿಲ್ಲಿಗೆ ಕೂರುವುದಿಲ್ಲ. ಮಾಲಿಕರು ಒಬ್ಬರೇ ಆದರೂ ಅಷ್ಟೆ. ಸ್ಟ್ಯಾನ್ಲಿ ಮತ್ತು ಡೀವಾಲ್ಟ್ ಒಂದೇ ಸಂಸ್ಥೆಯವು, ಬ್ಯಾಟರಿ ಬೇರೆ ಬೇರೆ. ಬಾಷ್‌ನಲ್ಲಿ ಮನೆಬಳಕೆಯ ಹಸಿರು ಬಣ್ಣದ 18 ವೋಲ್ಟಿನದು ನೀಲಿ ಬಣ್ಣದ ಕಸುಬುದಾರರ ಯಂತ್ರಕ್ಕೆ ಆಗುವುದಿಲ್ಲ. ಅದೇ ಒಂದು ಸಾಲಿನೊಳಗೆ ಇದ್ದರೆ ಆ ಬ್ಯಾಟರಿಯಿಂದಲೇ ಗ್ರೈಂಡರ್, ಬ್ಲೋವರ್, ಸಣ್ಣ ಗರಗಸ ಎಲ್ಲ ಓಡುತ್ತದೆ. ಹೊಸ ಯಂತ್ರವನ್ನು ಬ್ಯಾಟರಿ ಇಲ್ಲದೆ ಕಡಿಮೆಗೆ ತರಬಹುದು. ಅಂದರೆ ಮೊದಲ ಡ್ರಿಲ್ ಕೊಳ್ಳುವಾಗಲೇ ಮುಂದಿನ ಯಂತ್ರಗಳಿಗೂ ಮದುವೆ ನಿಶ್ಚಯವಾದ ಹಾಗೆ. ಮೊದಲು ನಮ್ಮ ಪೇಟೆಯಲ್ಲಿ ಯಾರ ಸರ್ವೀಸ್ ಇದೆ ನೋಡಿ, ಆಮೇಲೆ ಬಣ್ಣ ಆರಿಸಿ. ಬಿಲ್ಲು ಕೇಳಿ ಪಡೆಯಿರಿ. ಬಿಲ್ಲಿಲ್ಲದೆ ವಾರಂಟಿ ಎಂಬುದು ಬಾಯಿಮಾತು.

ಸತ್ತ ಬ್ಯಾಟರಿಗೆ ಸೆಲ್ ಬದಲಿಸಿ ಕೊಡುವವರಿದ್ದಾರೆ. ನನ್ನ ಹಳೆಯದಕ್ಕೂ ಹಾಕಿಸಿ ನೋಡಿದೆ. ಅವರು ಸೆಲ್ಲಿನ ಮೇಲೆ ಬೆಸುಗೆ ಹಾಕಿದ್ದರು. ಶಾಖಕ್ಕೆ ಸೆಲ್ ಹಾಳಾಗುತ್ತದೆ, ಸ್ಪಾಟ್ ವೆಲ್ಡಿಂಗೇ ಆಗಬೇಕು. ಒಳಗಿನ ಕಾವಲು ಸರ್ಕ್ಯೂಟನ್ನೂ ತಪ್ಪಿಸಿಬಿಟ್ಟಿದ್ದರು. ಚಾರ್ಜಿಗಿಟ್ಟಾಗ ಕೈ ಇಡಲಾಗದಷ್ಟು ಬಿಸಿ. ಅಂಗಳಕ್ಕೆ ಎಸೆದೆ. ಲಿಥಿಯಂ ಸೆಲ್ ಹತ್ತಿಕೊಂಡರೆ ಆರಿಸುವುದು ಸುಲಭದ ಕೆಲಸ ಅಲ್ಲ, ಅದೂ ಒಣ ಸೋಗೆ, ಹಾಳೆ ತುಂಬಿದ ಕೊಟ್ಟಿಗೆಯಲ್ಲಿ.

ಕೈಯಲ್ಲಿ ಹಿಡಿದು ನೋಡಿ

ಪೆಟ್ಟಿಗೆ ಬಿಚ್ಚಿಸಿ. ಬಿಟ್ ಹಿಡಿಯುವ ಬಾಯಿಗೆ ಚಕ್ ಎನ್ನುತ್ತಾರೆ. 10 ಮಿಲಿಮೀಟರಿನದು, 13ರದು ಎಂದು ಎರಡು ಬಗೆ. ತೋಟಕ್ಕೆ 13 ಇರಲಿ. ತೆಳು ಬಿಟ್ ಒಂದನ್ನು ಹಿಡಿಸಿ ತಿರುಗಿಸಿ, ತುದಿ ಒಂದೇ ಕಡೆ ನಿಲ್ಲಬೇಕು. ವೃತ್ತ ಬರೆದರೆ ಚಕ್ಕಿಗೆ ಆಟ ಇದೆ ಎಂದರ್ಥ. ಒತ್ತುಗುಂಡಿಯನ್ನು ಕೂದಲೆಳೆಯಷ್ಟು ಒತ್ತಿದರೆ ಗಡಿಯಾರದ ಮುಳ್ಳಿನ ಹಾಗೆ ನಿಧಾನ ತಿರುಗಬೇಕು. ಬಿಟ್ಟ ಕೂಡಲೇ ನಿಲ್ಲಬೇಕು. ನನ್ನ ಮೊದಲಿನದು ಒತ್ತಿದರೆ ಓಟ, ಇಲ್ಲವಾದರೆ ಸ್ತಬ್ಧ. ಸ್ಕ್ರೂವಿನ ತಲೆ ಎಲ್ಲ ಬೋಳಾಯಿತು.

ಎರಡು ಗೇರು ಇರುವುದು ಒಳ್ಳೆಯದು. ಒಂದರಲ್ಲಿ ನಿಮಿಷಕ್ಕೆ ನಾನೂರು, ಐನೂರು ಸುತ್ತು, ಬಲ ಹೆಚ್ಚು. ಎರಡರಲ್ಲಿ ಸಾವಿರದೈನೂರರ ಆಸುಪಾಸು, ಬಲ ಕಡಿಮೆ. ಎತ್ತರ ಹತ್ತುವಾಗ ಜೀಪಿನ ಲೋ ಗೇರು ಹಾಕಿದ ಹಾಗೆ. ಚಕ್ಕಿನ ಹಿಂದೆ ಅಂಕಿ ಬರೆದ ಬಳೆ ಇದೆಯಲ್ಲ, ಅದು ಕ್ಲಚ್. ನಿಗದಿ ಮಾಡಿದಷ್ಟು ಬಿಗಿಯಾದ ಕೂಡಲೇ ಕಟಕಟ ಎಂದು ಜಾರುತ್ತದೆ. ಶೀಟಿನ ಸ್ಕ್ರೂ ಹಾಕುವಾಗ ಇದು ಬೇಕೇ ಬೇಕು. ಇಲ್ಲವಾದರೆ ರಬ್ಬರ್ ವಾಷರ್ ಅಪ್ಪಚ್ಚಿಯಾಗಿ ಮುಂದಿನ ಮಳೆಗೆ ಸೋರುತ್ತದೆ.

ಬ್ರಶ್‌ಲೆಸ್ ಎಂದು ಹೆಚ್ಚು ಬೆಲೆಯದ್ದು ತೋರಿಸುತ್ತಾರೆ. ಅದರಲ್ಲಿ ಕಾರ್ಬನ್ ಬ್ರಶ್ ಉಜ್ಜುವುದಿಲ್ಲ, ಕಡಿಮೆ ಕಾಯುತ್ತದೆ, ಒಂದೇ ಚಾರ್ಜಿಗೆ ಹೆಚ್ಚು ತೂತು. ದಿನಾ ಕೆಲಸ ಮಾಡುವ ಬಡಗಿಗೆ ಅದು ಸರಿ. ನಾನು ಬ್ರಶ್ ಇರುವುದನ್ನೇ ಕೊಂಡೆ. ಉಳಿದ ದುಡ್ಡಿಗೆ ಒಳ್ಳೆಯ ಬಿಟ್‌ಗಳು ಬಂದವು.

ಕೈ ತಿರುಚಿದ ದಿನ

ಟಾರ್ಕ್ ಎಂದು ಬರೆದಿರುತ್ತಾರೆ, 30, 50, 60 ನ್ಯೂಟನ್ ಮೀಟರ್ ಎಂದು. ತಿರುಗಿಸುವ ಬಲ ಅದು. ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ನಾನೂ ತಿಳಿದಿದ್ದೆ. 2021ರ ಡಿಸೆಂಬರಿನಲ್ಲಿ ಹಲಸಿನ ತೊಲೆಗೆ ಅರ್ಧ ಇಂಚಿನ ತೂತು ಕೊರೆಯುತ್ತಿದ್ದೆ. ಏಣಿಯ ಮೇಲೆ, ಒಂದೇ ಕೈಯಲ್ಲಿ. ಬಿಟ್ ಆಚೆ ಬದಿಗೆ ಹೊರಬರುವ ಕ್ಷಣದಲ್ಲಿ ಕಚ್ಚಿಕೊಂಡಿತು. ಬಿಟ್ ನಿಂತರೆ ಡ್ರಿಲ್ಲೇ ತಿರುಗಬೇಕಲ್ಲ? ತಿರುಗಿತು, ನನ್ನ ಮಣಿಕಟ್ಟನ್ನೂ ಕರೆದುಕೊಂಡು. ಏಣಿಯಿಂದ ಬೀಳಲಿಲ್ಲ, ಪುಣ್ಯ. ಅಡಿಕೆ ಕೊಯ್ಲಿನ ನಡುವೆ ಆರು ವಾರ ಕೈಗೆ ಪಟ್ಟಿ. ಆಳಿನ ಸಂಬಳ ಲೆಕ್ಕ ಹಾಕಿದರೆ ಇನ್ನೊಂದು ಡ್ರಿಲ್ ಬರುತ್ತಿತ್ತು.

ಅಪ್ಪನ ಕಾಲದ ಬೈರಿಗೆ ಹೀಗೆ ಮಾಡುತ್ತಿರಲಿಲ್ಲ. ಕಚ್ಚಿದರೆ ನಿಲ್ಲುತ್ತಿತ್ತು, ಅಷ್ಟೆ. ಈಗ ದೊಡ್ಡ ತೂತಿಗೆ ಪಕ್ಕದ ಹಿಡಿ ಹಾಕಿಯೇ ಹಾಕುತ್ತೇನೆ. ಆ ಹಿಡಿ ಸೆಟ್ಟಿನಲ್ಲಿ ಇದೆಯೇ ಎಂದು ನೋಡಿಯೇ ಕೊಳ್ಳಿ. ತೂತು ಮುಗಿಯುತ್ತ ಬಂದಾಗ ಒತ್ತುವುದನ್ನು ಬಿಟ್ಟು ಡ್ರಿಲ್ಲಿನ ಭಾರಕ್ಕೇ ಇಳಿಯಲು ಬಿಡುತ್ತೇನೆ. ಏಣಿಯ ಮೇಲಿಂದ ಅರ್ಧ ಇಂಚು ಕೊರೆಯುವುದಿಲ್ಲ, ಅಟ್ಟಣಿಗೆ ಕಟ್ಟುತ್ತೇನೆ. ಕೈಗವಚ ಹಾಕಬಾರದು, ಬಟ್ಟೆ ಬಿಟ್ಟಿಗೆ ಸುತ್ತಿಕೊಂಡರೆ ಬೆರಳು ಹೋದೀತು. ಕಣ್ಣಿಗೆ ಕನ್ನಡಕ ಬೇಕು. ಬಿಟ್ ಬದಲಿಸುವಾಗ ಬ್ಯಾಟರಿ ತೆಗೆದಿಡಿ. ಇನ್ನೊಂದು ಸಂಗತಿ, ಬ್ಯಾಟರಿಯದ್ದು ಎಂದು ಗೋಡೆಯೊಳಗಿನ ವಯರು ಸುಮ್ಮನಿರುವುದಿಲ್ಲ. ಸ್ವಿಚ್ ಬೋರ್ಡಿನ ಮೇಲೆ, ಕೆಳಗೆ ಕೊರೆಯುವ ಮೊದಲು ಮೈನ್ ಆಫ್ ಮಾಡಬೇಕು. ಆಫ್ ಮಾಡಿದರೂ ಕೆಲಸ ನಿಲ್ಲದು ಎಂಬುದೇ ಬ್ಯಾಟರಿಯ ಉಪಕಾರ.

ಬಿಟ್ ಮತ್ತು ಬೋರ್ಡೋ

ಸೆಟ್ಟಿನ ಜೊತೆ ಬಂದ ರಾಶಿ ಬಿಟ್‌ಗಳಲ್ಲಿ ಕೆಲಸಕ್ಕೆ ಬಂದದ್ದು ಮೂರು. ಬೇಕಾದ ಅಳತೆಯದ್ದನ್ನು ಬಿಡಿಯಾಗಿ ಒಳ್ಳೆಯದೇ ಕೊಳ್ಳಿ: ಕಬ್ಬಿಣಕ್ಕೆ ಎಚ್‌ಎಸ್‌ಎಸ್, ಕಲ್ಲಿಗೆ ಕಾರ್ಬೈಡ್ ತುದಿ, ಮರಕ್ಕೆ ನಡುವೆ ಚೂಪು ಇರುವುದು. ಕಬ್ಬಿಣದ ಬಿಟ್ಟನ್ನು ಮುರಕಲ್ಲಿಗೆ ಒಮ್ಮೆ ಇಟ್ಟರೆ ಮೊನೆ ಹೋಯಿತು. ಜಿಐ ಪೈಪಿಗೆ ಪಂಚಿನಿಂದ ಗುರುತು ಹೊಡೆದು, 3 ಮಿಲಿಮೀಟರಿನಿಂದ ಮೊದಲು ಕೊರೆದು, ಆಮೇಲೆ ದೊಡ್ಡದು. ಒಂದು ಹನಿ ಎಣ್ಣೆ ಬಿಡಿ. 10 ಮಿಲಿಮೀಟರಿಗೆ ನಿಮಿಷಕ್ಕೆ 800 ಸುತ್ತು ಸಾಕು, 5ರದಕ್ಕೆ ಅದರ ಇಮ್ಮಡಿಯವರೆಗೆ ಹೋಗಬಹುದು. ಜೋರು ತಿರುಗಿಸಿದರೆ ಬೇಗ ಆಗುವುದಿಲ್ಲ, ಬಿಟ್ ನೀಲಿಯಾಗುತ್ತದೆ. ಪ್ಲಾಸ್ಟಿಕ್ ಟ್ಯಾಂಕಿಗಂತೂ ಒಂದನೇ ಗೇರೇ. ಇಲ್ಲವಾದರೆ ಕರಗಿ ಹೋಲ್‌ಸಾಗೆ ಮೆತ್ತುತ್ತದೆ. ಲ್ಯಾಟರಲ್ಲಿನ ರಬ್ಬರ್ ಗ್ರೋಮೆಟನ್ನು ಕೈಯಲ್ಲಿ ಹಿಡಿದುಕೊಂಡೇ ಬಿಟ್ ಕೊಳ್ಳಲು ಹೋಗಿ, ಅರ್ಧ ಮಿಲಿಮೀಟರ್ ದೊಡ್ಡದಾದರೂ ಬೇಸಗೆಯಿಡೀ ಸೋರುತ್ತದೆ.

ಡ್ರಿಲ್ಲಿಗೆ ಕಬ್ಬಿಣದ ಕಡ್ಡಿ ಹಾಕಿ ಬೋರ್ಡೋ ಕಲಸಿದರೆ ಹೇಗೆ ಎಂದು ಕೇಳುವವರಿದ್ದಾರೆ. ನಾನೂ ಮಾಡಿದೆ. ಮೈಲುತುತ್ತಿನ ದ್ರಾವಣದಿಂದ ಕಡ್ಡಿ ಎತ್ತಿ ನೋಡಿದರೆ ತಾಮ್ರದ ಬಣ್ಣ! ಕಬ್ಬಿಣ ಕರಗಿ, ತಾಮ್ರ ಕಡ್ಡಿಗೆ ಅಂಟಿತ್ತು. ಗೊನೆಗೆ ಸಿಗಬೇಕಾದ ತಾಮ್ರ ಅದು. ಚಕ್ಕಿಗೆ ಹಾರಿದ ಹನಿಯಿಂದ ತುಕ್ಕು ಹಿಡಿದದ್ದು ಬೇರೆ. ಅದಕ್ಕೆ ಮರದ ಕೋಲೇ ಆಗಬೇಕು.

ಇಡುವ ಜಾಗ

ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ಇಡಬೇಡಿ, ತಿಂಗಳುಗಟ್ಟಲೆ ಇಡುವುದಾದರೆ ಪೂರ್ತಿ ತುಂಬಿಯೂ ಬೇಡ. ಅರ್ಧ ಸಾಕು. ಹಳೆಯ ನಿಕ್ಕಲ್ ಕ್ಯಾಡ್ಮಿಯಂ ಕಾಲದ, ಖಾಲಿ ಮಾಡಿಯೇ ಚಾರ್ಜ್ ಮಾಡಬೇಕೆಂಬ ಮಾತು ಲಿಥಿಯಂಗೆ ಅನ್ವಯಿಸುವುದಿಲ್ಲ. ಬಿಸಿ ಅದರ ಶತ್ರು. ಬಿಸಿಲಲ್ಲಿ ನಿಲ್ಲಿಸಿದ ಜೀಪಿನೊಳಗೆ ಬೇಡ. ಮಳೆಗಾಲದಲ್ಲಿ ತೇವ ತಟ್ಟದಿರಲಿ ಎಂದು ನಾನು ಒಲೆಯ ಮೇಲಿನ ಅಟ್ಟದಲ್ಲಿಟ್ಟಿದ್ದೆ, ಕಾಳುಮೆಣಸಿನ ಪಕ್ಕ. ಸರ್ವೀಸಿನವರು ಬೈದರು. ಈಗ ಅಕ್ಕಿಯ ಕೋಣೆಯಲ್ಲಿ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿದೆ. ಕೆಲಸ ಮುಗಿದ ಕೂಡಲೇ ಬಿಸಿ ಬ್ಯಾಟರಿಯನ್ನು ಚಾರ್ಜಿಗೆ ಇಡಬೇಡಿ, ತಣಿಯಲಿ. ಸಂಜೆ ವೋಲ್ಟೇಜು ಇಳಿದಾಗ ನನ್ನ ಚಾರ್ಜರ್ ಮಿಣಮಿಣ ಎನ್ನುತ್ತ ಕೂರುತ್ತದೆ, ಬೆಳಗಿನ ಜಾವಕ್ಕೆ ಸರಿಯಾಗಿ ತುಂಬುತ್ತದೆ.

ಡ್ರಿಲ್ಲನ್ನೂ ಹೊರಗೆ ತೂಗುಹಾಕಬೇಡಿ. ಕಳೆದ ಬೇಸಗೆಯಲ್ಲಿ ಹದಿನೈದು ದಿನ ಜಗಲಿಯ ಮೊಳೆಯಲ್ಲಿ ನೇತಾಡಿತು. ತೆಗೆದು ಒತ್ತಿದರೆ ಗರಗರ ಸದ್ದು, ಕಾದ ವಾಸನೆ. ಬಿಚ್ಚಿ ನೋಡುವಾಗ ಮೋಟಾರಿಗೆ ಗಾಳಿ ಹೋಗುವ ಸೀಳುಗಳಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು, ಒಳಗೆ ಮರಿಗೆಂದು ಇಟ್ಟ ಜೇಡಗಳ ಸಮೇತ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕೆರೆದು ತೆಗೆದೆ. ಈಗಲೂ ತಿರುಗುತ್ತಿದೆ.